ಕನಸಿನ ಐಐಎಂ ರಿಜೆಕ್ಟ್ ಮಾಡಿತು, ಕೈಯಲ್ಲಿ ಬೇರೆ ಸೀಟು ಇದೆ. ಮತ್ತೊಂದು ವರ್ಷ ಪ್ರಯತ್ನ ಮಾಡಲೇ?

ಬೆಣ್ಣೆದೋಸೆ_ಪ್ರೇಮಿ | ಮೇ 18, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಯಸ್ಸು 26. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್, ಮೂರೂವರೆ ವರ್ಷ ಆಯಿತು. 2024ರ ನವೆಂಬರ್ 24ರಂದು ನಡೆದ ಕ್ಯಾಟ್‌ನಲ್ಲಿ (ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ) 98.4 ಪರ್ಸೆಂಟೈಲ್ ಬಂತು, ಅಂದರೆ ಬರೆದವರಲ್ಲಿ ಶೇ 98.4 ಜನ ನನ್ನ ಹಿಂದೆ. ಎಸ್ಸೆಸ್ಸೆಲ್ಸಿ ಶೇ 91, ಪಿಯುಸಿ ಶೇ 78, ಬಿಇ ಮೆಕ್ಯಾನಿಕಲ್ 7.6. ಎನ್‌ಸಿ-ಒಬಿಸಿ, ಅಂದರೆ ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ.

ಕಾಲೇಜು ಓದುವಾಗಿನಿಂದ ಮನಸ್ಸಿನಲ್ಲಿ ಇದ್ದದ್ದು ಒಂದೇ ಜಾಗ. ಹೆಸರು ಬೇಡ, ಹಳೆಯ ಐಐಎಂಗಳಲ್ಲಿ ಒಂದು ಅಂದುಕೊಳ್ಳಿ. ಇಂಟರ್‌ವ್ಯೂಗೆ ಕಾಲ್ ಬಂತು. ಆಫೀಸಿನಲ್ಲಿ ಸ್ವೀಟ್ ಹಂಚಿಬಿಟ್ಟೆ, ಅದೊಂದು ದಡ್ಡತನ. ಇಂಟರ್‌ವ್ಯೂ ಆಯಿತು. ಮೊನ್ನೆ ಫಲಿತಾಂಶ. ವೇಯ್ಟ್‌ಲಿಸ್ಟ್‌ನಲ್ಲೂ ನನ್ನ ಹೆಸರಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನೊಂದು ಕಡೆ, ಹಲವು ಹೊಸ ಐಐಎಂಗಳು ಒಟ್ಟಿಗೆ ನಡೆಸುವ ಸಿಎಪಿ ಇಂಟರ್‌ವ್ಯೂನಿಂದ ಒಂದು ಸೀಟು ಸಿಕ್ಕಿದೆ. ಮುಂಗಡ ಹಣ ಕಟ್ಟಲು ಇನ್ನು ಒಂಬತ್ತು ದಿನ ಇದೆ. ಕಟ್ಟಿದರೆ ಜೂನ್ ಕೊನೆಗೆ ಹೊರಡಬೇಕು. ಬಿಟ್ಟರೆ ಮತ್ತೆ ಕ್ಯಾಟ್, ಮತ್ತೆ ಅದೇ ಕಾಲೇಜಿಗೆ ಅರ್ಜಿ.

ಅಮ್ಮ "ಸಿಕ್ಕಿದ್ದಕ್ಕೆ ಹೋಗು" ಅನ್ನುತ್ತಾರೆ. ಅಪ್ಪ ಏನೂ ಹೇಳುತ್ತಿಲ್ಲ. ನೀವು ಹೇಳಿ.

ಎರಡೇ_ಮಾತು | ಮೇ 18, ರಾತ್ರಿ 11:52

ಸೀಟು ತಗೊಳ್ಳಿ. ಮಲಗಿ.

ಸೋಮವಾರ_ಬೇಡ | ಮೇ 19, ಬೆಳಿಗ್ಗೆ 7:15

ಇದೇ ಗುಂಡಿಗೆ ನಾನೂ ಬಿದ್ದು ಎದ್ದವನು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

2017ರ ಕ್ಯಾಟ್‌ನಲ್ಲಿ ನನಗೆ 98.9. ಕಾಲ್ ಬಂತು, ಇಂಟರ್‌ವ್ಯೂನಲ್ಲಿ ಹೋಯಿತು. ಬೇರೆ ಕಡೆ ಸಿಕ್ಕಿದ್ದ ಸೀಟನ್ನು "ನನ್ನ ಲೆವೆಲ್ ಇದಲ್ಲ" ಅಂತ ಬಿಟ್ಟೆ. ಕೆಲಸವನ್ನೂ ಬಿಟ್ಟೆ, ಪೂರ್ತಿ ಓದಿಗೇ ಕೂರೋಣ ಅಂತ. ಆವತ್ತು ನನ್ನ ತಲೆಯಲ್ಲಿ ಇದ್ದ ಲೆಕ್ಕ ಏನು ಗೊತ್ತಾ? ಇಂಟರ್‌ವ್ಯೂ ತನಕ ಹೇಗೂ ಹೋಗಿದ್ದೇನೆ, ಮುಂದಿನ ಸಲ ಅಲ್ಲಿಂದಲೇ ಶುರು ಅಂತ. ಕ್ಯಾಟ್‌ನಲ್ಲಿ ಅಲ್ಲಿಂದ ಶುರು ಅನ್ನೋದೇ ಇಲ್ಲ. ಅಂಕ ಆ ಒಂದು ವರ್ಷದ ಅಡ್ಮಿಷನ್‌ಗೆ ಮಾತ್ರ. ಕಳೆದ ವರ್ಷ ನಿಮಗೆ ಕಾಲ್ ಬಂದಿತ್ತು ಅನ್ನೋದು ಈ ವರ್ಷದ ಕಂಪ್ಯೂಟರಿಗೆ ಗೊತ್ತೇ ಇರಲ್ಲ. ಹಾವು ಏಣಿ ಆಟದಲ್ಲಿ 98ರಲ್ಲಿ ಹಾವು ಕಚ್ಚಿದ ಹಾಗೆ.

2018ರಲ್ಲಿ ಬರೆದೆ. 97.2. ಇಂಟರ್‌ವ್ಯೂ ಬಿಡಿ, ಕಾಲ್ ಕೂಡ ಬರಲಿಲ್ಲ. ಮನೆಯಲ್ಲಿ ಕೂತು ಓದಿದ ವರ್ಷವೇ ಕಡಿಮೆ ಬಂತು. ದಿನಕ್ಕೆ ಹತ್ತು ಗಂಟೆ ಪುಸ್ತಕದ ಮುಂದೆ ಇರುತ್ತಿದ್ದೆ, ಅದರಲ್ಲಿ ಆರು ಗಂಟೆ ಬರೀ ಹೆದರಿಕೆ. ಮದುವೆ ಮನೆಗಳಿಗೆ ಹೋಗುವುದು ಬಿಟ್ಟೆ. "ಏನ್ಮಾಡ್ಕೊಂಡಿದೀಯಪ್ಪಾ ಈಗ?" ಅನ್ನೋ ಪ್ರಶ್ನೆಗೆ ಉತ್ತರ ಇರಲಿಲ್ಲ.

2019ರಲ್ಲಿ ಒಂದು ಸಣ್ಣ ಕಂಪನಿಗೆ ಸೇರಿಕೊಂಡು, ರಾತ್ರಿ ಎರಡು ಗಂಟೆ ಓದಿ ಬರೆದೆ. 99.3. ಕೋಝಿಕ್ಕೋಡ್ ಐಐಎಂ ಸಿಕ್ಕಿತು. 2020ರಲ್ಲಿ ಸೇರಿದ್ದು, ಕೊರೋನಾ ಕಾಲ, ಮೊದಲ ಟರ್ಮ್ ಮನೆಯ ಅಟ್ಟದ ರೂಮಿನಲ್ಲೇ ಕೂತು ಮುಗಿಸಿದೆ. ಕನಸಿನ ಕಾಲೇಜು ಕೊನೆಗೂ ಸಿಗಲಿಲ್ಲ. ಕುನ್ನಮಂಗಲದ ಆ ಗುಡ್ಡದ ಮೇಲೆ ಮಳೆ ನೋಡುತ್ತಾ ನಿಂತಾಗ ಅದು ನೆನಪಾಗುತ್ತಲೂ ಇರಲಿಲ್ಲ.

ಹಾಗಾಗಿ ನನ್ನ ವೋಟು: ಕೈಯಲ್ಲಿರೋದನ್ನು ಹಿಡ್ಕೊಳ್ಳಿ.

ಲೆಕ್ಕದ_ಮೇಷ್ಟ್ರು | ಮೇ 19, ಬೆಳಿಗ್ಗೆ 9:30

ಹುಬ್ಬಳ್ಳಿಯಲ್ಲಿ ಕ್ಯಾಟ್‌ಗೆ ಲೆಕ್ಕ ಹೇಳಿಕೊಡುತ್ತೇನೆ. ನಮ್ಮಲ್ಲಿ ಪ್ರತಿ ಮೇ ತಿಂಗಳು ಇಂಥವರು ನಾಲ್ಕೈದು ಜನ ಬಂದು ಕೂರುತ್ತಾರೆ. ಬಂದವರಿಗೆ ಮೊದಲು ಒಂದು ಚಹಾ, ಆಮೇಲೆ ಒಂದು ಹಾಳೆ ಕೊಡುತ್ತೇನೆ. ಮಧ್ಯ ಒಂದು ಗೆರೆ ಎಳೆಯಿರಿ ಅಂತ ಹೇಳುತ್ತೇನೆ.

ಎಡಕ್ಕೆ, ಇನ್ನು ಬದಲಾಗದೇ ಇರುವುದು. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕ. ಅಹಮದಾಬಾದ್, ಬೆಂಗಳೂರು ಎರಡೂ ಕಡೆ ಇವು ಲೆಕ್ಕಕ್ಕೆ ಬರುತ್ತವೆ. ನಿಮ್ಮ ಪಿಯುಸಿ 78 ನಿಮ್ಮ ಜೊತೆಗೇ ಇರುತ್ತದೆ ತಮ್ಮಾ, ಹತ್ತು ಸಲ ಬರೆದರೂ ಅದು 79 ಆಗುವುದಿಲ್ಲ. ಕೆಲಸದ ಅನುಭವಕ್ಕೂ ಅಂಕ ಕೊಡುವುದುಂಟು, ಆದರೆ ಒಂದು ಮಿತಿ ತನಕ. ಮೂರೂವರೆ ವರ್ಷ ನಾಲ್ಕೂವರೆ ಆದರೆ ದೊಡ್ಡ ಲಾಭ ಏನೂ ಇಲ್ಲ.

ಬಲಕ್ಕೆ, ಬದಲಾಗಬಹುದಾದದ್ದು. ಕ್ಯಾಟ್ ಅಂಕ, ಬರವಣಿಗೆ ಪರೀಕ್ಷೆ, ಇಂಟರ್‌ವ್ಯೂ. ಅಷ್ಟೇ.

2024ರ ಕ್ಯಾಟ್ ಬರೆದವರು 2.93 ಲಕ್ಷ ಜನ. 98.4 ಅಂದರೆ ನಿಮ್ಮ ಮುಂದೆ ಸುಮಾರು 4,700 ಜನ. 99.4 ಅಂದರೆ ಸುಮಾರು 1,750. ಮೂರು ಸಾವಿರ ಜನರನ್ನು ದಾಟಬೇಕು ಅಂದರೆ ಬೆಟ್ಟ ಹತ್ತಿದ ಹಾಗೆ ಕಾಣುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಅದು ಬೆರಳೆಣಿಕೆಯ ಪ್ರಶ್ನೆ. 68 ಪ್ರಶ್ನೆ, ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ, ಸರಿಗೆ 3, ತಪ್ಪಿಗೆ ಮೈನಸ್ 1. ಉತ್ತರ ಟೈಪ್ ಮಾಡುವ ಪ್ರಶ್ನೆಗಳಿಗೆ ಮೈನಸ್ ಇಲ್ಲ. ಆವತ್ತು ಡಿಐಎಲ್‌ಆರ್ ವಿಭಾಗದ (ಅಂಕಿ-ಅಂಶ, ತರ್ಕ) ಒಂದು ಸೆಟ್ಟು ಬಿಡಿಸೋಕೆ ಆಯ್ತೋ ಇಲ್ಲವೋ, ಅದರ ಮೇಲೇ ಎಷ್ಟೋ ಜನರ ವರ್ಷ ನಿಂತಿರುತ್ತದೆ.

ಈಗ ಎರಡು ಪ್ರಶ್ನೆ. ಮೂರರಲ್ಲಿ ಯಾವ ವಿಭಾಗ ಕೆಳಗಿತ್ತು? ಇಂಟರ್‌ವ್ಯೂನಲ್ಲಿ ಏನಾಯಿತು? ಎರಡನೆಯದನ್ನು ಹುಡುಗರು "ಚೆನ್ನಾಗೇ ಆಯ್ತು ಸರ್" ಅಂತ ಮುಗಿಸುತ್ತಾರೆ. ನೀವು ಹಾಗೆ ಮುಗಿಸಬೇಡಿ.

ಬೆಣ್ಣೆದೋಸೆ_ಪ್ರೇಮಿ | ಮೇ 19, ರಾತ್ರಿ 9:05

ಮೇಷ್ಟ್ರೇ, ನಿಜ ಹೇಳಬೇಕೆಂದರೆ "ಚೆನ್ನಾಗೇ ಆಯ್ತು" ಅಂತಲೇ ಟೈಪ್ ಮಾಡಿದ್ದೆ. ಅಳಿಸಿದೆ.

ಇಂಗ್ಲಿಷ್ ವಿಭಾಗ ಕೆಳಗಿತ್ತು, 93. ಉಳಿದೆರಡೂ 98ರ ಮೇಲೆ.

ಇಂಟರ್‌ವ್ಯೂ. ಇಬ್ಬರು ಪ್ರೊಫೆಸರ್‌ಗಳು. ಒಬ್ಬರು ವಯಸ್ಸಾದವರು, ತುಂಬಾ ಸಮಾಧಾನದ ಮನುಷ್ಯ. ಮೊದಲು ಕೆಲಸದ ಬಗ್ಗೆ ಕೇಳಿದರು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಯಾಕೆ ಎಂಬಿಎ ಅಂದರು. "ಒಂದು ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಬುಡದಿಂದ ಕಲಿಯಬೇಕು" ಅಂದೆ. ಆ ವಾಕ್ಯವನ್ನು ಕನ್ನಡಿ ಮುಂದೆ ನಿಂತು ಇಪ್ಪತ್ತು ಸಲ ಹೇಳಿಕೊಂಡಿದ್ದೆ.

ಆಮೇಲೆ ಆ ಹಿರಿಯರು ನನ್ನ ಫಾರ್ಮ್ ನೋಡಿ, ತಂದೆ ಏನು ಮಾಡುತ್ತಾರೆ ಅಂದರು. "ಬಿಸಿನೆಸ್" ಅಂದೆ. ಯಾವ ಬಿಸಿನೆಸ್? "ಪಫ್ಡ್ ರೈಸ್ ಮ್ಯಾನುಫ್ಯಾಕ್ಚರಿಂಗ್." ನಮ್ಮದು ಮಂಡಕ್ಕಿ ಭಟ್ಟಿ. ಹಾಗಂತ ಹೇಳೋಕೆ ನಾಚಿಕೆ ಆಯಿತು, ಈಗ ಹೇಳುತ್ತಿದ್ದೇನೆ.

ಅವರ ಮುಖ ಅರಳಿತು. ಒಂದು ಕ್ವಿಂಟಲ್ ಭತ್ತ ತಂದರೆ ಎಷ್ಟು ಮಂಡಕ್ಕಿ ಆಗುತ್ತದೆ ಅಂದರು. ಗೊತ್ತಿಲ್ಲ. ಉರಿಗೆ ಏನು ಬಳಸುತ್ತೀರಿ? ಹೊಟ್ಟು ಅಂದೆ. ಅದರ ಖರ್ಚು ಎಷ್ಟು ಬೀಳುತ್ತದೆ? ಗೊತ್ತಿಲ್ಲ. ಹುಬ್ಬಳ್ಳಿಗೆ ಕಳಿಸುತ್ತೀರಾ, ಮುಂಬೈಗೆ ಯಾಕೆ ಕಳಿಸುವುದಿಲ್ಲ? ಗೊತ್ತಿಲ್ಲ. ಮಳೆಗಾಲದಲ್ಲಿ ಏನು ಮಾಡುತ್ತೀರಿ? ನಾನು ಸುಮ್ಮನೆ ನಕ್ಕೆ. ಅವರೂ ನಕ್ಕರು. ಗೇಲಿ ಮಾಡುವ ನಗು ಆಗಿರಲಿಲ್ಲ, ಅದೇ ಜಾಸ್ತಿ ನೋವು.

"ಆಲ್ ದಿ ಬೆಸ್ಟ್" ಅಂದರು. ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗಲೇ ಗೊತ್ತಾಗಿತ್ತು.

ಮಿರ್ಚಿ_ಮಂಡಕ್ಕಿ | ಮೇ 19, ರಾತ್ರಿ 9:31

ಲೋ ಗುರು, ಭಟ್ಟಿ ಮನೆ ಮಗ ಆಗಿ ಇದಕ್ಕೆ ಉತ್ತರ ಇಲ್ಲ ಅಂದ್ರೆ ಹೇಗೆ! ನಾನೂ ದಾವಣಗೆರೆಯವನೇ. ನಮ್ಮಪ್ಪಂದು ಸೈಕಲ್ ಶಾಪ್. ಒಂದು ಪಂಕ್ಚರ್‌ಗೆ ಎಷ್ಟು ಸೊಲ್ಯೂಷನ್ ಖರ್ಚಾಗುತ್ತೆ ಅಂತ ನಾನು ಏಳನೇ ಕ್ಲಾಸಿನಲ್ಲೇ ಹೇಳುತ್ತಿದ್ದೆ.

ಬೇಜಾರು ಮಾಡ್ಕೋಬೇಡ. ಊರಿಗೆ ಬಂದಾಗ ಹೇಳು, ನರ್ಗೀಸ್ ಮಂಡಕ್ಕಿ ನನ್ನ ಲೆಕ್ಕ.

ಎರಡೇ_ಮಾತು | ಮೇ 19, ರಾತ್ರಿ 9:40

ನರ್ಗೀಸ್ ಮಂಡಕ್ಕಿ ಅಂದರೆ?

ಮಿರ್ಚಿ_ಮಂಡಕ್ಕಿ | ಮೇ 19, ರಾತ್ರಿ 9:42

ದಾವಣಗೆರೆಗೆ ಬನ್ನಿ, ಹೇಳೋದಲ್ಲ, ತಿನ್ನೋದು.

ಕಡಲ_ತಡಿ | ಮೇ 19, ರಾತ್ರಿ 10:20

ತಮ್ಮಾ, ನಾನು ಮರಳಿ ಬರೆಯದೇ ಇದ್ದವಳು. ನಿನ್ನ ಹಾಗೆಯೇ ಒಂದೇ ಕಾಲೇಜು ಅಂತ ಹಠ ಹಿಡಿದಿದ್ದೆ, ಆಗಲಿಲ್ಲ. ಮಣಿಪಾಲದ ಟ್ಯಾಪ್ಮಿ ಅನ್ನುವ ಎಂಬಿಎ ಕಾಲೇಜಿಗೆ ಹೋದೆ. ಮನೆಯಿಂದ ಒಂದು ಬಸ್ಸು, ಅಷ್ಟೇ ದೂರ. ಅದು 1980ರಲ್ಲಿ ಟಿ.ಎ. ಪೈ ಅವರು ಕಟ್ಟಿದ ಸಂಸ್ಥೆ. ನಮ್ಮ ಕಡೆ ಬ್ಯಾಂಕು ಅಂದರೂ ಪೈಗಳೇ, ಕಾಲೇಜು ಅಂದರೂ ಪೈಗಳೇ ಅಂತ ಅಜ್ಜಿ ನಗುತ್ತಿದ್ದರು.

ಎರಡು ವರ್ಷ ಚೆನ್ನಾಗಿ ಓದಿದೆ, ಕೆಲಸ ಸಿಕ್ಕಿತು. ಈಗ ಹನ್ನೊಂದು ವರ್ಷ ಆಯಿತು. ಆದರೆ ಸುಳ್ಳು ಹೇಳಲಾರೆ. ಮೊದಲ ಎರಡು ಮೂರು ವರ್ಷ, ಮೀಟಿಂಗಿನಲ್ಲಿ ಯಾರಾದರೂ ಆ ಕಾಲೇಜಿನವರು ಅಂತ ಗೊತ್ತಾದರೆ ಹೊಟ್ಟೆಯೊಳಗೆ ಏನೋ ಚುಳಕ್ ಅನ್ನುತ್ತಿತ್ತು. ಇನ್ನೊಂದು ಸಲ ಬರೆದಿದ್ದರೆ? ಈ ಪ್ರಶ್ನೆ ನನ್ನ ಜೊತೆ ಬಹಳ ದಿನ ಬಾಡಿಗೆ ಕೊಡದೆ ಇತ್ತು. ಆಮೇಲೆ ಅದೇ ಎದ್ದು ಹೋಯಿತು. ಯಾವಾಗ ಹೋಯಿತು ಅಂತ ಗಮನಿಸಲಿಲ್ಲ.

ನಿನಗೆ ಆ ಚುಳಕ್ ತಡೆದುಕೊಳ್ಳುವ ಶಕ್ತಿ ಇದೆಯಾ ಇಲ್ಲವಾ, ಅದು ನಿನಗೇ ಗೊತ್ತು. ಕೆಲವರಿಗೆ ಇರುವುದಿಲ್ಲ. ಅಂಥವರು ಇನ್ನೊಂದು ಸಲ ಬರೆಯುವುದೇ ವಾಸಿ.

ಯಾಕ್_ಬೇಕು_ಸ್ವಾಮಿ | ಮೇ 20, ಬೆಳಿಗ್ಗೆ 8:10

ಎಲ್ಲರೂ ಯಾವ ಐಐಎಂ ಅಂತ ಮಾತಾಡುತ್ತಿದ್ದೀರಿ. ದುಡ್ಡಿನ ಲೆಕ್ಕ ಯಾರೂ ತೆಗೆಯಲಿಲ್ಲ. ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಫೀಸು 20 ಲಕ್ಷ ದಾಟಿ ಎಷ್ಟೋ ದಿನ ಆಯಿತು. ಅದರ ಮೇಲೆ ಎರಡು ವರ್ಷದ ಸಂಬಳ ಕೈಬಿಡುತ್ತದೆ. 20 ಲಕ್ಷ ಸಾಲ, ಶೇ 9 ಬಡ್ಡಿ, 10 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 25 ಸಾವಿರದ ಮೇಲೆ ಕಂತು. ಓದುವ ಕಾಲದ ಬಡ್ಡಿ ಬೇರೆ. ಕೆಲಸ ಇರಲಿ, ಹೋಗಲಿ, ಒಂದನೇ ತಾರೀಖು ಮಾತ್ರ ಬರುತ್ತದೆ.

ನಾನು ಎಂಬಿಎ ಮಾಡಿಲ್ಲ. ಮೂರು ಬೇಕರಿ ನಡೆಸುತ್ತಿದ್ದೇನೆ. ನಿಮ್ಮಪ್ಪನ ಭಟ್ಟಿಯಲ್ಲಿ ಆರು ತಿಂಗಳು ಕೂತರೆ ಆ ಪ್ರೊಫೆಸರ್ ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ, ಫೀಸಿಲ್ಲದೆ.

ಸೋಮವಾರ_ಬೇಡ | ಮೇ 20, ಬೆಳಿಗ್ಗೆ 8:25

ಸ್ವಾಮೀ, ನೀವು ಪ್ರತಿ ಎಂಬಿಎ ಚರ್ಚೆಗೂ ಈ ಮೂರು ಬೇಕರಿ ತಗೊಂಡು ಬರುತ್ತೀರಿ. ಎಲ್ಲರ ಹತ್ತಿರ ಬೇಕರಿ ಹಾಕೋ ಬಂಡವಾಳ ಇರಲ್ಲ.

ಮತ್ತೆ ಸಾಲದ ವಿಷಯ. ಎಸ್‌ಬಿಐನ ಸ್ಕಾಲರ್ ಲೋನ್ ಪಟ್ಟಿಯಲ್ಲಿ ಐಐಎಂಗಳಿವೆ, ಮನೆ ಜಮೀನು ಅಡ ಇಡಬೇಕಿಲ್ಲ. ನಾನು ತಗೊಂಡಿದ್ದೂ ಅದನ್ನೇ. 2024ರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಬಂದಿದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದು, ಬೇರೆ ಸರ್ಕಾರಿ ನೆರವು ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ 3 ಬಡ್ಡಿ ರಿಯಾಯಿತಿ ಸಿಗುತ್ತದೆ. ಬ್ಯಾಂಕಿನಲ್ಲಿ ವಿಚಾರಿಸಿ.

ಯಾಕ್_ಬೇಕು_ಸ್ವಾಮಿ | ಮೇ 20, ಬೆಳಿಗ್ಗೆ 8:31

ಬಡ್ಡಿ ರಿಯಾಯಿತಿ ಇದ್ದರೂ ಅಸಲು ಅಸಲೇ ಅಲ್ವಾ.

ಸಿಂಗಾಪುರ_ಸೊಸೆ | ಮೇ 20, ಮಧ್ಯಾಹ್ನ 2:00

ನನ್ನದು ಹೊರದೇಶದ ದಾರಿ, ಅಲ್ಲಿ ಮರು ಅರ್ಜಿಯ ಕಥೆಯೇ ಬೇರೆ. ನಿಮಗೆ ನೇರ ಉಪಯೋಗ ಇಲ್ಲದಿದ್ದರೂ ಒಂದು ವಿಷಯ ಹೇಳಬೇಕು.

ಅಮೆರಿಕದ ಕಾಲೇಜುಗಳಲ್ಲಿ ಕ್ಯಾಟ್ ಥರ ಹಲಗೆ ಒರೆಸಿ ಹೊಸದಾಗಿ ಬರೆಯುವುದಿಲ್ಲ. ಅಲ್ಲಿನ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನ ಅಂಕ 5 ವರ್ಷ ನಡೆಯುತ್ತದೆ, ಹಳೆಯ ಅರ್ಜಿಯೂ ಅವರ ಹತ್ತಿರ ಇರುತ್ತದೆ. ಮತ್ತೆ ಅರ್ಜಿ ಹಾಕುತ್ತಿದ್ದೀರಾ ಅಂತ ಫಾರ್ಮಿನಲ್ಲೇ ಕೇಳುತ್ತಾರೆ. ಕೆಲವು ಕಡೆ ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು ಅಂತ ಬೇರೆ ಪ್ರಬಂಧವನ್ನೇ ಬರೆಸುತ್ತಾರೆ.

ನಾನು ಒಂದು ಕಾಲೇಜಿಗೆ ಎರಡು ಸಲ ಹಾಕಿದೆ. ಎರಡೂ ಸಲ ಇಲ್ಲ ಅಂದರು. ಎರಡನೇ ಸಲ ಜಿಮ್ಯಾಟ್ ಮತ್ತೆ ಬರೆದು ಅಂಕ ಏರಿಸಿದ್ದೆ, ಅದೇ ಸಾಕು ಅಂದುಕೊಂಡಿದ್ದೆ. ವರ್ಷವಾದ ಮೇಲೆ ಎರಡೂ ಪ್ರಬಂಧ ಪಕ್ಕಪಕ್ಕ ಇಟ್ಟು ಓದಿದೆ. ಪದಗಳು ಬೇರೆ, ಮನುಷ್ಯಳು ಅದೇ. ಹಳೇ ಸೀರೆಗೆ ಹೊಸ ಫಾಲ್ ಹೊಲಿದ ಹಾಗೆ ಇತ್ತು. ಆಮೇಲೆ ಇನ್ಸೀಡ್ ಅನ್ನುವ ಎಂಬಿಎ ಕಾಲೇಜಿನ ಸಿಂಗಾಪುರ ಕ್ಯಾಂಪಸ್ಸಿಗೆ ಬಂದೆ, ಸುಮಾರು ಹತ್ತು ತಿಂಗಳ ಕೋರ್ಸು. ಇಲ್ಲೇ ಉಳಿದುಬಿಟ್ಟೆ.

ನಿಮಗೆ ಐಐಎಂನಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. ಆದರೂ ನೀವೇ ಅರ್ಧ ಪುಟ ಬರೆದು ನೋಡಿ. ಮುಂದಿನ ಫೆಬ್ರುವರಿಯಲ್ಲಿ ಅದೇ ಹಿರಿಯರು ಎದುರು ಕೂತರೆ, ಬೇರೆ ಏನು ಹೇಳುತ್ತೀರಿ?

ನಾಡಕಚೇರಿ_ಕ್ಯೂ | ಮೇ 20, ಸಂಜೆ 6:45

ಒಂದು ಸಣ್ಣ ವಿಷಯ. ಮತ್ತೆ ಬರೆಯುವುದಾದರೆ ಒಬಿಸಿ ಸರ್ಟಿಫಿಕೇಟ್ ಈಗಲೇ ನೋಡಿಕೊಳ್ಳಿ. ನಮ್ಮ ರಾಜ್ಯದ 2ಎ, 3ಬಿ ಜಾತಿ ಪ್ರಮಾಣಪತ್ರ ಅಲ್ಲಿ ನಡೆಯಲ್ಲ. ಕೇಂದ್ರ ಸರ್ಕಾರದ ನಮೂನೆಯಲ್ಲಿ ನಾನ್ ಕ್ರೀಮಿ ಲೇಯರ್ ಅಂತ ಬೇಕು, ಅದೂ ಹೊಸದು. ನನ್ನ ತಂಗಿ ಕೊನೇ ವಾರದಲ್ಲಿ ಓಡಾಡಿ ಅತ್ತಿದ್ದು ನೋಡಿದ್ದೇನೆ. ಇನ್ನೊಂದು, ಅರ್ಜಿ ಶುಲ್ಕದಲ್ಲಿ ಒಬಿಸಿಗೆ ರಿಯಾಯಿತಿ ಇಲ್ಲ. ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಮಾತ್ರ ಅರ್ಧ. 2024ರಲ್ಲಿ ಪೂರ್ತಿ ಶುಲ್ಕ 2,500 ಇತ್ತು.

ಲೆಕ್ಕದ_ಮೇಷ್ಟ್ರು | ಮೇ 20, ರಾತ್ರಿ 10:00

ನಿಮ್ಮ ಉತ್ತರ ಓದಿದೆ ತಮ್ಮಾ. ಇಂಗ್ಲಿಷ್ 93 ಅನ್ನುವುದು ಒಳ್ಳೆಯ ಸುದ್ದಿ. ಮೂರೂ 98 ಇದ್ದಿದ್ದರೆ ಏರಲು ಜಾಗ ಕಡಿಮೆ. ಒಂದು ಕಾಲು ಕುಂಟುತ್ತಿದ್ದರೆ ಅದಕ್ಕೆ ಮದ್ದು ಇದೆ. ದಿನಾ ಒಂದು ಗಂಟೆ ಗಂಭೀರವಾದ ಇಂಗ್ಲಿಷ್ ಲೇಖನ ಓದಿ, ಐದು ತಿಂಗಳು. ಶಾರ್ಟ್‌ಕಟ್ ಹುಡುಕಬೇಡಿ.

ಇಂಟರ್‌ವ್ಯೂ ವಿಷಯ ಬೇರೆ. ನೀವು ಹೇಳಿದ್ದನ್ನು ಕೇಳಿದರೆ, ಸೋತದ್ದು ತಯಾರಿ ಇಲ್ಲದೆ ಅನ್ನಿಸಲಿಲ್ಲ ನನಗೆ. ತಯಾರಿ ಜಾಸ್ತಿಯೇ ಇತ್ತು, ಎಲ್ಲ ಬೇರೆಯವರ ಮನೆಯದ್ದು. ಇದನ್ನು ಮಾಕ್ ಇಂಟರ್‌ವ್ಯೂ ಕೊಟ್ಟು ಸರಿ ಮಾಡೋಕೆ ಬರುವುದಿಲ್ಲ ನೋಡ್ರಿ.

ಸೀಟು ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಬಿಟ್ಟು ಬಂದು ಮತ್ತೆ ಸಿಗದೇ ಇದ್ದವರ ಮುಖ ನೋಡಿದ್ದೇನೆ. ಅವರ ಅಪ್ಪಂದಿರ ಮುಖವನ್ನೂ ನೋಡಿದ್ದೇನೆ. ಆದರೆ ಶನಿವಾರ ಊರಿಗೆ ಹೋಗಿ ಬನ್ನಿ. ಇನ್ನೂ ಏಳು ದಿನ ಇದೆಯಲ್ಲ.

ಜಯನಗರ_ಅಂಕಲ್ | ಮೇ 21, ಬೆಳಿಗ್ಗೆ 6:30

ನನ್ನ ಮಗ ಮೂರನೇ ಸಲ ಓದುತ್ತಿದ್ದಾನೆ. ಊಟಕ್ಕೆ ಕರೆದರೆ ಬರುವುದಿಲ್ಲ. ನೀವು ಯಾರಾದರೂ ಮಾತಾಡಿಸಿದರೆ ಒಳ್ಳೆಯದಿತ್ತು.

ಸೋಮವಾರ_ಬೇಡ | ಮೇ 21, ಬೆಳಿಗ್ಗೆ 6:50

ಅಂಕಲ್, ಮೆಸೇಜ್ ಮಾಡಿದ್ದೇನೆ, ನೋಡಿ. ಇವತ್ತು ಸಂಜೆಯೇ ಮಾತಾಡುತ್ತೇನೆ.

ಬೆಣ್ಣೆದೋಸೆ_ಪ್ರೇಮಿ | ಮೇ 26, ರಾತ್ರಿ 10:50

ಮೇಷ್ಟ್ರು ಹೇಳಿದ ಹಾಗೆ ಊರಿಗೆ ಹೋಗಿ ಬಂದೆ. ನಾಳೆ ಕೊನೆಯ ದಿನ.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಅಪ್ಪನ ಜೊತೆ ಭಟ್ಟಿಗೆ ಹೋದೆ. ಚಿಕ್ಕವನಿದ್ದಾಗ ಹೋಗುತ್ತಿದ್ದೆ, ಹೈಸ್ಕೂಲಿಗೆ ಬಂದ ಮೇಲೆ ಬಿಟ್ಟುಬಿಟ್ಟಿದ್ದೆ. ಬಟ್ಟೆಗೆ ಹೊಗೆ ವಾಸನೆ ಹತ್ತುತ್ತದೆ ಅಂತ. ಒಲೆ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ಕಾದ ಮರಳು. ಉಪ್ಪುನೀರು ಸೋಕಿಸಿ ಬೆಚ್ಚಗೆ ಮಾಡಿಟ್ಟ ಅಕ್ಕಿಯನ್ನು ಅದಕ್ಕೆ ಸುರಿದರೆ, ಕಣ್ಣು ಮಿಟುಕಿಸುವುದರೊಳಗೆ ಬಾಣಲೆ ತುಂಬ ಬೆಳ್ಳಗೆ ಉಬ್ಬಿ ಬರುತ್ತದೆ. ಒಂದು ಗಳಿಗೆ ತಡವಾದರೆ ಕೆಂಪು. ಕೆಂಪಾದರೆ ಬೆಲೆ ಇಲ್ಲ. ಅಲ್ಲಿ ಕೆಲಸ ಮಾಡುವ ಕಾಕಾ ಗಡಿಯಾರ ನೋಡುವುದಿಲ್ಲ, ಸದ್ದು ಕೇಳುತ್ತಾರೆ. ಚಟಪಟ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಜರಡಿಗೆ ಎತ್ತುತ್ತಾರೆ.

ಪ್ರೊಫೆಸರ್ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಅಪ್ಪನಿಗೆ ಕೇಳಿದೆ. ಮೊದಲು "ಯಾಕೆ ಬೇಕು ನಿನಗೆ?" ಅಂದರು. ಆಮೇಲೆ ಶುರು ಮಾಡಿದವರು ಎರಡು ಗಂಟೆ ನಿಲ್ಲಿಸಲಿಲ್ಲ.

ಮುಂಬೈಗೆ ಯಾಕೆ ಕಳಿಸಲ್ಲ? ಲಾರಿ ತುಂಬಿದರೂ ತೂಕ ಇರಲ್ಲ. "ನಾನು ಬಾಡಿಗೆ ಕೊಡೋದು ಗಾಳಿಗೆ" ಅಂದರು. ದೂರ ಹೋದಷ್ಟೂ ಗಾಳಿಯ ಬಾಡಿಗೆ ಜಾಸ್ತಿ. ಮಳೆಗಾಲದಲ್ಲಿ ಬೇಯಿಸಿದ ಭತ್ತ ಒಣಗಲ್ಲ, ಮಾಡಿಟ್ಟ ಮಂಡಕ್ಕಿ ಮೆತ್ತಗಾಗುತ್ತದೆ. ಆದರೆ ಮಳೆ ಬಂದರೆ ಜನ ಮಿರ್ಚಿ ಮಂಡಕ್ಕಿ ಜಾಸ್ತಿ ತಿನ್ನುತ್ತಾರೆ. ಬೇಡಿಕೆ ಏರುವ ಹೊತ್ತಿಗೇ ಮಾಡೋದು ಕಷ್ಟ. ಭದ್ರಾ ಕಾಲುವೆ ನೀರಿನ ಭತ್ತ ಕೊಯ್ಲಾದ ಕೂಡಲೇ ಕೊಂಡರೆ ಅಗ್ಗ, ಆದರೆ ಆಗ ಕೈಯಲ್ಲಿ ದುಡ್ಡು ಇರಲ್ಲ, ಅಂಗಡಿಯವರ ಉದ್ರಿ ಬಂದಿರಲ್ಲ. ದುಡ್ಡು ಬರುವ ಹೊತ್ತಿಗೆ ಭತ್ತದ ರೇಟು ಏರಿರುತ್ತದೆ. ಪ್ರತಿ ವರ್ಷ ಆ ಎರಡು ತಿಂಗಳಿಗೆ ಬಡ್ಡಿಗೆ ತರುತ್ತಾರಂತೆ. ನಾನು ಓದಿದ ಬಿಇ ಫೀಸೂ ಆ ಎರಡು ತಿಂಗಳ ಮಧ್ಯೆಯೇ ಬರುತ್ತಿತ್ತು. ಅದನ್ನು ಅವರು ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ.

ಕೊನೆಗೆ ಸೀಟಿನ ವಿಷಯ ಕೇಳಿದೆ. "ನೀನು ಆ ಊರಿನ ಕಾಲೇಜಿಗೆ ಯಾಕೆ ಹೋಗ್ತೀಯಾ?" ಅಂದರು. ಐಐಎಂ ಅಂತ ಅಂದೆ. "ಅದು ಹೆಸರಾಯಿತು, ಯಾಕೆ ಅಂತ ಕೇಳಿದೆ" ಅಂದರು. ಮತ್ತೆ ಇಂಟರ್‌ವ್ಯೂ ರೂಮಿನಲ್ಲಿ ಕೂತ ಹಾಗಾಯಿತು.

ಸೀಟು ಬಿಡುತ್ತಿದ್ದೇನೆ. ಕೆಲಸ ಬಿಡಲ್ಲ. ಒಂದೇ ಒಂದು ಸಲ ಬರೆಯುತ್ತೇನೆ, ಈ ಸಲ ಬೇರೆ ಕಾಲೇಜುಗಳಿಗೂ ಹಾಕುತ್ತೇನೆ. ಫೀಸು ತೀರಾ ಕಡಿಮೆ ಇರುವ ದಿಲ್ಲಿಯ ಎಫ್‌ಎಂಎಸ್, ಜನವರಿಯ ಎಕ್ಸ್‌ಎಟಿ ಪ್ರವೇಶ ಪರೀಕ್ಷೆ ಬರೆದು ಜಮ್‌ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ. ಸಿಂಗಾಪುರದ ಅಕ್ಕ ಹೇಳಿದ ಅರ್ಧ ಪುಟವನ್ನೂ ಬರೆದೆ. ಒಂದೂವರೆ ಪುಟ ಆಯಿತು.

ಸೋಮವಾರ_ಬೇಡ | ಮೇ 26, ರಾತ್ರಿ 11:10

ನನ್ನ ಪ್ರಕಾರ ತಪ್ಪು ಮಾಡುತ್ತಿದ್ದೀರಿ. ಇಷ್ಟು ಚೆನ್ನಾಗಿ ಭಟ್ಟಿ ಕಥೆ ಹೇಳೋಕೆ ಬರೋರು ಯಾವ ಕಾಲೇಜಿಗೆ ಹೋದರೂ ಬೆಳೆಯುತ್ತಾರೆ, ಹೊಸ ಐಐಎಂ ಆದರೇನಂತೆ. ಒಂದು ವರ್ಷ ಸಣ್ಣದಲ್ಲ, ಮತ್ತೆ ಕಾಲ್ ಬರುತ್ತೆ ಅಂತ ಖಾತ್ರಿಯೂ ಇಲ್ಲ. ಆದರೂ ಕೆಲಸ ಬಿಡಲ್ಲ ಅಂದಿರಲ್ಲ, ಅಷ್ಟು ಸಮಾಧಾನ. ಒಳ್ಳೆಯದಾಗಲಿ.

ಕಡಲ_ತಡಿ | ಮೇ 27, ಬೆಳಿಗ್ಗೆ 7:00

ಅಪ್ಪ ಎರಡು ಗಂಟೆ ಮಾತಾಡಿದರು ಅನ್ನೋದನ್ನು ಎರಡು ಸಲ ಓದಿದೆ.

ಯಾಕ್_ಬೇಕು_ಸ್ವಾಮಿ | ಮೇ 27, ಬೆಳಿಗ್ಗೆ 8:02

ಆರು ತಿಂಗಳು ಅಂದಿದ್ದೆ. ಒಂದು ಬೆಳಗಿನ ಜಾವ ಸಾಕಾಯಿತು ನೋಡಿ.

ಬೆಣ್ಣೆದೋಸೆ_ಪ್ರೇಮಿ | ಆಗಸ್ಟ್ 17, ರಾತ್ರಿ 9:20

ಏನಾಯಿತು ಅಂತ ನಾಲ್ಕೈದು ಜನ ಕೇಳಿದ್ದರು.

ಕ್ಯಾಟ್ ಅರ್ಜಿ ಹಾಕಿದೆ. ಪರೀಕ್ಷೆ ನವೆಂಬರ್ 30ಕ್ಕೆ. ಹೊಸ ಸರ್ಟಿಫಿಕೇಟ್ ಜೂನ್‌ನಲ್ಲೇ ಮಾಡಿಸಿಕೊಂಡೆ, ನಾಡಕಚೇರಿ ಅವರಿಗೆ ಧನ್ಯವಾದ. ಇಂಗ್ಲಿಷ್ ಮಾಕ್ ಪರೀಕ್ಷೆಗಳಲ್ಲಿ 95, 91, 96 ಹೀಗೆ ಹಾವಿನ ಹಾಗೆ ಓಡುತ್ತಿದೆ. ಸೀಟು ಬಿಟ್ಟಿದ್ದಕ್ಕೆ ಒಂದು ರಾತ್ರಿ ವಿಪರೀತ ಭಯ ಆಯಿತು. ಆ ಕಾಲೇಜಿನವರು ಸೇರಿದ ದಿನದ ಫೋಟೊ ಹಾಕಿದ್ದರು. ಫೋನ್ ತೆಗೆದು ಕಪಾಟಿನಲ್ಲಿಟ್ಟು ಮಲಗಿದೆ.

ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಅಪ್ಪನ ಉದ್ರಿ ಪುಸ್ತಕವನ್ನು ಲ್ಯಾಪ್‌ಟಾಪಿಗೆ ಹಾಕಿ ಕೊಟ್ಟೆ. ಯಾವ ಅಂಗಡಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತದೆ ಅಂತ ಸಾಲಾಗಿ ಬಂತು. ಮೂರು ಅಂಗಡಿ ಅಪ್ಪ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಾಕಿ ಇತ್ತು. ಅದರಲ್ಲಿ ಒಂದು ನಮ್ಮ ಸೋದರಮಾವಂದು. ಮನೆಯಲ್ಲಿ ಈಗ ಅದರ ಬಗ್ಗೆ ಮಾತಾಡುವ ಹಾಗಿಲ್ಲ.

ಲೆಕ್ಕದ_ಮೇಷ್ಟ್ರು | ಆಗಸ್ಟ್ 17, ರಾತ್ರಿ 9:45

ಭೇಷ್. 91 ಬಂದ ಮಾಕ್ ಇನ್ನೊಮ್ಮೆ ಬಿಡಿಸಿ, ತಪ್ಪಾದದ್ದನ್ನು ಮಾತ್ರ.

ಜಯನಗರ_ಅಂಕಲ್ | ಆಗಸ್ಟ್ 17, ರಾತ್ರಿ 10:02

ನನ್ನ ಮಗ ಕೆಲಸಕ್ಕೆ ಸೇರಿದ. ನಿನ್ನೆ ನಮ್ಮ ಜೊತೆ ಕೂತು ಊಟ ಮಾಡಿದ. ಕ್ಯಾಟ್ ಬರೆಯುತ್ತಾನೋ ಇಲ್ಲವೋ ಕೇಳಿಲ್ಲ.

ಮಿರ್ಚಿ_ಮಂಡಕ್ಕಿ | ಆಗಸ್ಟ್ 17, ರಾತ್ರಿ 10:15

ಎಲ್ಲ ಸರಿ ಗುರು, ಒಂದು ಕ್ವಿಂಟಲ್ ಭತ್ತಕ್ಕೆ ಎಷ್ಟು ಮಂಡಕ್ಕಿ, ಚೀಲಕ್ಕೆ ಎಷ್ಟು ಉಳಿಯುತ್ತೆ ಅಂತ ಕೊನೆಗೂ ಹೇಳಲೇ ಇಲ್ಲವಲ್ಲ?

ಬೆಣ್ಣೆದೋಸೆ_ಪ್ರೇಮಿ | ಆಗಸ್ಟ್ 17, ರಾತ್ರಿ 10:18

ಅದನ್ನು ಇಂಟರ್‌ವ್ಯೂನಲ್ಲಿ ಮಾತ್ರ ಹೇಳು, ಇಂಟರ್‌ನೆಟ್‌ನಲ್ಲಿ ಹಾಕಬೇಡ ಅಂದಿದ್ದಾರೆ ಅಪ್ಪ. ಪಕ್ಕದ ಭಟ್ಟಿಯವರೂ ಇಲ್ಲಿ ಓದುತ್ತಾರಂತೆ.